ಹೆಸರಿಲ್ಲದ ದಿಬ್ಬಗಳ ನಡುವೆ

ಹುಲ್ಲು ಬೆಳೆದು, ಬಳ್ಳಿ ಹಬ್ಬಿ, ಅಕ್ಷರಗಳು ಸವೆದುಹೋದ ಹಳೆಯ ಸಮಾಧಿಭೂಮಿಯಲ್ಲಿ ನೀವು ಎಂದಾದರೂ ಒಂಟಿಯಾಗಿ ಸುತ್ತಾಡಿದ್ದೀರಾ? ಕಲ್ಲಿನ ಮುಂದೆ ಬಾಗಿ ಹೆಸರನ್ನು ಓದಲು ಯತ್ನಿಸಿ, ಓದಲಾಗದೆ ಮುಂದೆ ಸರಿದಿದ್ದೀರಾ? ಅಂಥ ಸುತ್ತಾಟವನ್ನೇ ಕಾವ್ಯವಾಗಿಸಿದವನು ಇಂಗ್ಲಿಷ್ ಕವಿ ಥಾಮಸ್ ಗ್ರೇ. 1751ರಲ್ಲಿ ಪ್ರಕಟವಾದ ಅವನ ‘ಎಲಿಜಿ’ ಎಂಬ ಶೋಕಗೀತೆ ಹಳ್ಳಿಯ ಚರ್ಚಿನ ಅಂಗಳದಲ್ಲಿ ಮಣ್ಣಾದ ಬಡ ರೈತರನ್ನು ಕುರಿತದ್ದು. ಬಕಿಂಗ್‌ಹ್ಯಾಮ್‌ಷೈರಿನ ಸ್ಟೋಕ್ ಪೋಜಸ್ ಗ್ರಾಮದ ಸಂತ ಜೈಲ್ಸರ ಚರ್ಚಿನ ಅಂಗಳವೇ ಅದರ ಹಿನ್ನೆಲೆಯೆಂಬುದು ಬಹುಕಾಲದ ನಂಬಿಕೆ.

ಮುಸ್ಸಂಜೆಯಲ್ಲಿ ಮಣ್ಣುದಿಬ್ಬಗಳ ನಡುವೆ ನಿಂತ ಕವಿಯನ್ನು ಕಾಡುವ ಪ್ರಶ್ನೆ ಒಂದೇ: ಇಲ್ಲಿ ಮಲಗಿರುವವರಿಗೆ ವಿದ್ಯೆಯೂ ಅವಕಾಶವೂ ದೊರೆತಿದ್ದರೆ ಅವರು ಏನಾಗುತ್ತಿದ್ದರು? ಕರಡುಪ್ರತಿಯಲ್ಲಿ ಹೋಲಿಕೆಗೆಂದು ಕೇಟೊ, ಟಲ್ಲಿ, ಸೀಸರ್ ಎಂಬ ರೋಮನ್ ಹೆಸರುಗಳಿದ್ದವು. ಮುಂದೆ ಅವುಗಳನ್ನು ತೆಗೆದು ತನ್ನ ನಾಡಿನವರೇ ಆದ ಹ್ಯಾಂಪ್ಡನ್, ಮಿಲ್ಟನ್, ಕ್ರಾಮ್‌ವೆಲ್ಲರನ್ನು ತಂದನು. ಈ ತಿದ್ದುಪಡಿಯಿಂದ ಕವಿತೆ ಆ ನೆಲಕ್ಕೆ ಹತ್ತಿರವಾಯಿತು.

ಆದರೂ ಒಂದು ಕೊರತೆ ಉಳಿಯಿತು. ಖ್ಯಾತರಿಗೆ ಹೆಸರುಗಳಿವೆ, ದಿಬ್ಬದಡಿ ಮಲಗಿದವರಲ್ಲಿ ಒಬ್ಬರಿಗೂ ಹೆಸರಿಲ್ಲ. ಅವರ ಕಲ್ಲುಗಳ ಮೇಲೆ ಹೆಸರೂ ವರ್ಷವೂ ಇವೆಯೆಂದು ಕವಿಯೇ ಹೇಳುತ್ತಾನೆ, ಆದರೆ ನಮಗೆ ಓದಿ ತಿಳಿಸುವುದಿಲ್ಲ. ಕಡಲಾಳದ ರತ್ನಕ್ಕೂ ಮರುಭೂಮಿಯ ಹೂವಿಗೂ ಅವರನ್ನು ಹೋಲಿಸಿದ್ದು ಬಡತನವನ್ನು ಪ್ರಕೃತಿ ನಿಯಮವೆಂಬಂತೆ ತೋರಿಸುತ್ತದೆಂದು ವಿಮರ್ಶಕ ವಿಲಿಯಂ ಎಂಪ್ಸನ್ 1935ರಲ್ಲಿ ಆಕ್ಷೇಪಿಸಿದರು. ಆಕ್ಷೇಪ ನ್ಯಾಯವಾದುದೇ. ರತ್ನಕ್ಕೆ ಶಾಲೆ ಬೇಕಿಲ್ಲ. ರೈತನ ಮಗುವಿಗೆ ಬೇಕಿತ್ತು.

ಹಾಗಿದ್ದರೂ ಈ ಕವಿತೆ ನಮ್ಮನ್ನು ಬಿಡದಿರುವುದೇಕೆ? ಕೊನೆಯಲ್ಲಿ ಕವಿ ತಾನೂ ಆ ಅನಾಮಿಕರ ಸಾಲಿನಲ್ಲಿ ಮಲಗುತ್ತಾನೆ. ತನ್ನ ಮರಣದ ಸುದ್ದಿಯನ್ನು ಹಳ್ಳಿಯ ಮುದುಕನ ಬಾಯಿಂದ ಹೇಳಿಸುತ್ತಾನೆ. ಸಮಾಧಿಲೇಖದ ಯುವಕನಿಗೂ ಹೆಸರಿಲ್ಲ. ಅವನ ಬದುಕೂ ಇದಕ್ಕೆ ಸಾಕ್ಷಿ. ತಾಯಿ ಡೊರಥಿ ಹೆತ್ತ 12 ಮಕ್ಕಳಲ್ಲಿ ಉಳಿದವನು ಇವನೊಬ್ಬನೇ. ಲಂಡನ್ನಿನಲ್ಲಿ ಅಂಗಡಿ ನಡೆಸಿ ಆಕೆ ಮಗನನ್ನು ಓದಿಸಿದಳು. 1753ರಲ್ಲಿ ಆಕೆ ತೀರಿಕೊಂಡಾಗ ಸ್ಟೋಕ್ ಪೋಜಸ್‌ನ ಗೋರಿಗೆ ಲೇಖವನ್ನು ಅವನೇ ಬರೆದನು. 1771ರಲ್ಲಿ ಅವನೂ ಅದೇ ಗೋರಿಯನ್ನು ಸೇರಿದನು. ಅದರ ಮೇಲಿರುವುದು ತಾಯಿಯ ಮತ್ತು ಆಕೆಯ ಸೋದರಿಯ ಹೆಸರು. ಕವಿಯ ಹೆಸರನ್ನು ಕಾಣಲು ಚರ್ಚಿನ ಗೋಡೆಯ ಫಲಕವನ್ನು ನೋಡಬೇಕು. ಕವಿತೆಯಲ್ಲಿ ಮಾಡದ ಕೆಲಸವನ್ನು ಅವನು ಕಲ್ಲಿನ ಮೇಲೆ ಮಾಡಿದನು: ಖ್ಯಾತಿಯಿಲ್ಲದ ಒಬ್ಬ ಹೆಂಗಸಿನ ಹೆಸರನ್ನು ಬರೆದಿಟ್ಟನು.

ಓದುಗರೇ, ನವೆಂಬರ್ 2ರಂದು ನಮ್ಮವರ ಗೋರಿಗಳ ಮೇಲೆ ಮೇಣದ ಬತ್ತಿ ಹಚ್ಚಿ ಹಿಂದಿರುಗುವ ಮುನ್ನ, ಪಕ್ಕದ ಗುರುತಿಲ್ಲದ ಕಲ್ಲಿನ ಹುಲ್ಲನ್ನು ಸರಿಸೋಣ. ಅಲ್ಲಿರುವ ಹೆಸರನ್ನು ಒಮ್ಮೆ ಗಟ್ಟಿಯಾಗಿ ಓದೋಣ. ಗ್ರೇ ಬಿಟ್ಟುಹೋದ ಸಾಲು ಅದೇ.