ದೊರೆಯ ಕಿವಿ, ಕಂಪನಿಯ ಕಡತ

ಮಾಸ್ತಿ ವೆಂಕಟೇಶ ಅಯ್ಯಂಗಾರರ ‘ಚಿಕವೀರ ರಾಜೇಂದ್ರ’ (1956) ಕೊಡಗಿನ ಕೊನೆಯ ಅರಸನ ಕಥೆ. ಯಶವಂತ ಚಿತ್ತಾಲರ ‘ಶಿಕಾರಿ’ (1979) ಮುಂಬಯಿಯ ಕಂಪನಿಯೊಂದರ ಅಧಿಕಾರಿಯ ಕಥೆ. ಈ ಎರಡು ಕಾದಂಬರಿಗಳನ್ನು ಜೊತೆಯಲ್ಲಿಟ್ಟು ಓದುವ ವಾಡಿಕೆ ಕಡಿಮೆ. ಆದರೆ ಮನುಷ್ಯನ ನಡತೆಯನ್ನು ಅವನ ಸ್ವಭಾವ ಮಾತ್ರವಲ್ಲ, ಅವನು ನಿಂತಿರುವ ವ್ಯವಸ್ಥೆಯೂ ರೂಪಿಸುತ್ತದೆ ಎಂಬ ಸತ್ಯ ಎರಡರಲ್ಲಿಯೂ ಅಡಗಿದೆ ಎಂಬುದು ನಮ್ಮ ಅಭಿಪ್ರಾಯ.

ಮಾಸ್ತಿಯವರ ಕೃತಿಯನ್ನು ದುಷ್ಟ ದೊರೆಯೊಬ್ಬನ ಪತನವೆಂದು ಓದುವುದು ರೂಢಿ. ಈ ಓದು ತಪ್ಪಲ್ಲ, ಆದರೆ ಸಾಲದು. ಬೋಪಣ್ಣ, ಲಕ್ಷ್ಮೀನಾರಾಯಣಯ್ಯ ಇಬ್ಬರೂ ಸಮರ್ಥ ಮಂತ್ರಿಗಳು. ರಾಣಿ ಗೌರಮ್ಮ ವಿವೇಕವತಿ. ಇಷ್ಟು ಜನ ಸಜ್ಜನರಿದ್ದೂ ರಾಜ್ಯ ಉಳಿಯಲಿಲ್ಲವೇಕೆ? ದೊರೆಯ ಕಿವಿಗೆ ಹತ್ತಿರವಾಗಿದ್ದವನು ಬಾಲ್ಯದ ಒಡನಾಡಿಯಾದ ಕುಂಟ ಬಸವ. ಹಿತವಚನ ದೊರೆಯನ್ನು ತಲುಪಲು ಬೇರೆ ದಾರಿಯಿರಲಿಲ್ಲ. ಅನ್ಯಾಯ ಮಾಡಿದವನೂ ನ್ಯಾಯ ಹೇಳಬೇಕಾದವನೂ ಒಬ್ಬನೇ ಆದಾಗ, ನೊಂದವರು ಯಾರಲ್ಲಿಗೆ ಹೋಗಬೇಕು? ತಂಗಿ ದೇವಮ್ಮಾಜಿಯೂ ಅವಳ ಗಂಡ ಚೆನ್ನಬಸವನೂ ಇಂಗ್ಲಿಷರ ಆಶ್ರಯಕ್ಕೆ ಓಡಿದರು. 1834ರಲ್ಲಿ ಕೊಡಗು ಕಂಪನಿ ಸರ್ಕಾರದ ವಶವಾಯಿತು. ಒಳಗೆ ಕೇಳುವವರಿಲ್ಲದ ದೂರು ಹಗೆಯ ಮನೆಗೆ ಹೋಗುತ್ತದೆ. ಮೈಸೂರು ಸರ್ಕಾರದಲ್ಲಿ ದೀರ್ಘಕಾಲ ಅಧಿಕಾರಿಯಾಗಿದ್ದ ಮಾಸ್ತಿಯವರಿಗೆ ಆಡಳಿತದ ಈ ಮರ್ಮ ಚೆನ್ನಾಗಿ ತಿಳಿದಿತ್ತು.

‘ಶಿಕಾರಿ’ಯ ಕಂಪನಿಯಲ್ಲಿ ದೊರೆಯಿಲ್ಲ, ನಿಯಮಗಳಿವೆ, ವಿಭಾಗಗಳಿವೆ, ಕಡತಗಳಿವೆ. ಹೀಗಿರುವಲ್ಲಿ ಕುಂಟ ಬಸವನಿಗೆ ಎಡೆಯೆಲ್ಲಿ ಎನ್ನಿಸಬಹುದು. ಆದರೂ ನಾಗಪ್ಪ ಒಂದು ದಿನ ಕೆಲಸದಿಂದ ದೂರ ಇಡಲ್ಪಡುತ್ತಾನೆ. ತನ್ನ ಮೇಲಿನ ಆರೋಪವೇನೆಂಬುದು ಅವನಿಗೇ ತಿಳಿಯದು. ಅರಮನೆಯಲ್ಲಿ ಭಯಕ್ಕೆ ಒಂದು ಮುಖವಿತ್ತು, ಇಲ್ಲಿ ಅದು ಕಾಗದವಾಗಿ ಬರುತ್ತದೆ. ನಿರ್ಧಾರವು ಹಲವು ಕೈಗಳನ್ನು ದಾಟಿ ಬರುವುದರಿಂದ ಯಾರೂ ಅದಕ್ಕೆ ಹೊಣೆಯಾಗರು. ಕಾಫ್ಕಾನ ‘ದಿ ಟ್ರಯಲ್’ (1925) ನೆನಪಾಗುವುದು ಸಹಜ. ಆದರೆ ಚಿತ್ತಾಲರ ಬೇಟೆಗಾರರು ಅನಾಮಧೇಯರಲ್ಲ. ಮೇಲಧಿಕಾರಿ ಫಿರೋಜ್ ಇದ್ದಾನೆ, ಹಳೆಯ ಪರಿಚಯದ ಶ್ರೀನಿವಾಸನೂ ಇದ್ದಾನೆ. ನಿಯಮದ ಮರೆಯಲ್ಲಿ ಹಳೆಯ ಆಸ್ಥಾನವೇ ನಡೆಯುತ್ತಿದೆ.

ಕಾದಂಬರಿಯು ನಾಗಪ್ಪನ ಮನಸ್ಸಿನೊಳಗೇ ಸುತ್ತುವುದರಿಂದ, ಸಂಚು ಎಷ್ಟು, ಸಂಶಯ ಎಷ್ಟು ಎಂದು ಬೇರ್ಪಡಿಸುವುದು ಕಷ್ಟ. ಇದನ್ನು ಕೃತಿಯ ಮಿತಿಯೆನ್ನುವವರು ಇರಬಹುದು. ನಾವು ಒಪ್ಪೆವು. ಕಾರಣ ತಿಳಿಸದ ಸಂಸ್ಥೆಯಲ್ಲಿ ದುಡಿಯುವವನಿಗೆ ಈ ಎರಡನ್ನೂ ಬೇರ್ಪಡಿಸುವ ಉಪಾಯವೇ ಇರುವುದಿಲ್ಲ.

ನಮ್ಮ ಕಂಬಂ ಕಣಿವೆಗೆ ಇದು ದೂರದ ಮಾತಲ್ಲ. ಮದುರೆಯ ವಿಶ್ವನಾಥ ನಾಯಕನ ಕಾಲದಲ್ಲಿ ನಾಡನ್ನು 72 ಪಾಳೆಯಪಟ್ಟುಗಳಾಗಿ ಹಂಚಲಾಯಿತೆಂಬುದು ಪ್ರತೀತಿ. ನಮ್ಮ ಕೊಂಬೈಯೂ ಒಂದು ಪಾಳೆಯವಾಗಿತ್ತು. ಪಾಳೆಯಗಾರನು ಅರಸನಿಗೆ ಕಪ್ಪವನ್ನೂ ಸೈನ್ಯವನ್ನೂ ಒದಗಿಸಬೇಕು. ಊರಿನ ಕಾವಲು, ನ್ಯಾಯಗಳು ಅವನ ಕೈಯಲ್ಲಿ. ಒಕ್ಕಲಿಗೆ ಮದುರೆಯ ಅರಸ ಎಂಥವನೆಂಬುದಕ್ಕಿಂತ ಹತ್ತಿರದ ಪಾಳೆಯಗಾರ ಎಂಥವನೆಂಬುದೇ ಮುಖ್ಯ. ಇಂದು ತಿರುಪ್ಪೂರಿಗೋ ಬೆಂಗಳೂರಿಗೋ ಕೆಲಸಕ್ಕೆ ಹೋದ ನಮ್ಮ ಮಕ್ಕಳಿಗೂ ಕಂಪನಿಯ ಯಜಮಾನನಿಗಿಂತ ಮೇಲ್ವಿಚಾರಕನೇ ದೊಡ್ಡವನು.

ಆದ್ದರಿಂದ ಯಾವ ಸಂಸ್ಥೆಯನ್ನು ಕಂಡರೂ ಎರಡು ಪ್ರಶ್ನೆ ಕೇಳಬೇಕು. ಇಲ್ಲಿ ಕಿರಿಯವನ ದೂರು ಯಾರ ಬಳಿಗೆ ಹೋಗುತ್ತದೆ? ಅದಕ್ಕೆ ಕಾರಣಸಹಿತ ಉತ್ತರ ಕೊಡುವವರು ಯಾರು? ಅಧ್ಯಕ್ಷರು, ಕಾರ್ಯದರ್ಶಿಗಳು, ಖಜಾಂಚಿಗಳುಳ್ಳ ಸಂಘಗಳೂ ಈ ಪ್ರಶ್ನೆಗೆ ಹೊರತಲ್ಲ. ಲೆಕ್ಕವನ್ನು ಸಭೆಯ ಮುಂದೆ ಓದುವ, ಹೆಂಗಸರೂ ಹುಡುಗರೂ ಎದ್ದುನಿಂತು ಕೇಳಬಲ್ಲ ಸಂಘವು ಒಳ್ಳೆಯ ಅಧ್ಯಕ್ಷರು ಹೋದ ಮೇಲೂ ಬಾಳುತ್ತದೆ.

ನಮ್ಮ ಮನೆಗಳಲ್ಲಿ ಕನ್ನಡವನ್ನು ಆಡುವವರು ಹೆಚ್ಚು, ಓದಬಲ್ಲವರು ಕಡಿಮೆ. ಓದಬಲ್ಲವರು ಈ ಎರಡು ಕೃತಿಗಳನ್ನು ಓದಿ, ಉಳಿದವರಿಗೆ ರಾತ್ರಿ ಊಟದ ನಂತರ ಕಥೆಯಾಗಿ ಹೇಳಲಿ. ಕೆಲಸಕ್ಕೆ ಹೊರಟಿರುವ ಮಕ್ಕಳು ಅಗತ್ಯವಾಗಿ ಕೇಳಲಿ.