ವಾಗ್ದತ್ತ ದೇಶ ಯಾರದು? ‘ದ ಟೆರಿಟರಿ’ ಸಾಕ್ಷ್ಯಚಿತ್ರದ ಅವಲೋಕನ

ಅಲೆಕ್ಸ್ ಪ್ರಿಟ್ಜ್ ನಿರ್ದೇಶಿಸಿದ ‘ದ ಟೆರಿಟರಿ’ (2022) ಬ್ರೆಜಿಲ್‌ನ ರೊಂಡೋನಿಯಾ ರಾಜ್ಯದ ಉರು-ಎವು-ವಾವ್-ವಾವ್ ಮೂಲನಿವಾಸಿಗಳ ಕಥನ. 1981ರಲ್ಲಿ ಸರ್ಕಾರದೊಡನೆ ಮೊದಲ ಸಂಪರ್ಕಕ್ಕೆ ಬಂದ ಈ ಜನರ ಸಂಖ್ಯೆ 200ಕ್ಕೂ ಕಡಿಮೆ. ಕಾನೂನು ರಕ್ಷಿಸುವ ಅವರ ಮಳೆಕಾಡಿಗೆ ವಲಸಿಗರು ಮರ ಕಡಿದು, ಬೆಂಕಿಯಿಟ್ಟು ನುಗ್ಗುತ್ತಾರೆ. ಕಾಡು ಕಾಯುತ್ತಿದ್ದ ಆರಿ ಎಂಬವರು 2020ರ ಏಪ್ರಿಲ್‌ನಲ್ಲಿ ಕೊಲೆಯಾದರು. ಸಾಂಕ್ರಾಮಿಕದ ದಿನಗಳಲ್ಲಿ ಹೊರಗಿನವರ ಪ್ರವೇಶ ನಿಂತಾಗ ಯುವ ನಾಯಕ ಬಿಟಾಟೆ ಮತ್ತು ಸಂಗಡಿಗರು ತಾವೇ ಕ್ಯಾಮೆರಾ ಹಿಡಿದರು. ಅಲ್ಲಿಂದ ಚಿತ್ರದ ದನಿ ಬದಲಾಗುತ್ತದೆ: ಕನಿಕರಕ್ಕೆ ಪಾತ್ರರಾದವರು ಸಾಕ್ಷಿಗಳಾಗುತ್ತಾರೆ.

ಇಲ್ಲಿ ನಾಬೋತನ ದ್ರಾಕ್ಷಿತೋಟವನ್ನು ನೆನೆಯುವುದು ನಮಗೆ ಸುಲಭ. ಆದರೆ ಚಿತ್ರದ ವಲಸಿಗನು ಅಹಾಬನಲ್ಲ; ಪರರ ಹೊಲದಲ್ಲಿ ದುಡಿದು ಸ್ವಂತ ನೆಲಕ್ಕಾಗಿ ಹಂಬಲಿಸುವ ಬಡವ. ಅವನ ಮಾತಿಗೂ ಕಿವಿಗೊಡುವುದು ನಿರ್ದೇಶಕರ ನ್ಯಾಯಬುದ್ಧಿ. ಆ ಹಂಬಲದಿಂದ ಲಾಭ ಪಡೆಯುವ ದೊಡ್ಡ ಭೂಮಾಲೀಕರನ್ನು ಅಷ್ಟಾಗಿ ತೋರಿಸದಿರುವುದು ಚಿತ್ರದ ಕೊರತೆ. ಅಹಾಬನು ತೆರೆಯ ಹಿಂದೆಯೇ ಉಳಿಯುತ್ತಾನೆ.

ಐಗುಪ್ತದಿಂದಾದ ಬಿಡುಗಡೆಯನ್ನು ಸಾರುವ ನಾವು ಕಾನಾನ್ಯರ ಗತಿಯ ಕುರಿತು ಮೌನವಾಗಿದ್ದರೆ, ನೆಲವಿಲ್ಲದವನ ಕೈಗೆ ಯೆಹೋಶುವನ ಕತ್ತಿಯನ್ನು ಕೊಟ್ಟಂತಾಗುತ್ತದೆ. ಭೂಮಿ ದೇವರದು, ನಾವು ಅದರಲ್ಲಿ ಒಕ್ಕಲುಗಳು ಮಾತ್ರ ಎಂಬ ಯಾಜಕಕಾಂಡ 25ರ ಬೋಧನೆಯೇ ಇಲ್ಲಿ ಒರೆಗಲ್ಲು. ಅದು ನೆಲ ಕಳೆದುಕೊಂಡವನ ಪರವಾಗಿ ನಿಲ್ಲುತ್ತದೆ. ನೆರೆಯವನ ಸ್ವಾಸ್ತ್ಯವನ್ನು ಕಸಿಯಲು ಮಾತ್ರ ಅನುಮತಿಸುವುದಿಲ್ಲ. ಯೆಹೋಶುವನ ಗ್ರಂಥದಿಂದ ಪ್ರಸಂಗ ಸಿದ್ಧಪಡಿಸುವವರು ಮೊದಲು ಈ ಚಿತ್ರವನ್ನು ನೋಡುವುದು ಒಳ್ಳೆಯದು.