‘ಅವಸ್ಥೆ’ಯಲ್ಲಿ ಸ್ಮೃತಿಯೂ ಪ್ರತ್ಯಭಿಜ್ಞೆಯೂ

ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ 1932ರಲ್ಲಿ ಜನಿಸಿದ ಯು. ಆರ್. ಅನಂತಮೂರ್ತಿಯವರ ‘ಅವಸ್ಥೆ’ ಎಂಬ ಕಾದಂಬರಿಯು 1978ರಲ್ಲಿ ಪ್ರಕಟವಾಯಿತು. ಅದರ ನಾಯಕನಾದ ಕೃಷ್ಣಪ್ಪ ಗೌಡನಲ್ಲಿ ಶಾಂತವೇರಿ ಗೋಪಾಲಗೌಡರ (1923–1972) ಛಾಯೆಯುಂಟೆಂಬುದು ಸುವಿದಿತವೇ ಆಗಿದೆ. ಗೌಡರು 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ನಡೆದ ಗೇಣಿದಾರರ ಸತ್ಯಾಗ್ರಹದ ಮುಂದಾಳುಗಳಲ್ಲೊಬ್ಬರು. 1952ರಲ್ಲಿ ಸಾಗರ–ಹೊಸನಗರ ಕ್ಷೇತ್ರದಿಂದಲೂ, 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದಲೂ ಶಾಸನಸಭೆಗೆ ಚುನಾಯಿತರಾದವರು. ಆದಕಾರಣ ಕಾದಂಬರಿಯನ್ನು ಅವರ ಚರಿತ್ರೆಯೆಂದೇ ಓದುವ ರೂಢಿಯು ಬೆಳೆದಿದೆ. ಈ ರೂಢಿಯು ಕೃತಿಗಾಗಲಿ ಆ ಮಹನೀಯರಿಗಾಗಲಿ ನ್ಯಾಯವನ್ನು ಸಲ್ಲಿಸುವಂಥದಲ್ಲ.

ಕಾಗೋಡಿನ ವಿವಾದಕ್ಕೆ ಗೇಣಿಯ ಬತ್ತವನ್ನು ಅಳೆಯುವ ಕೊಳಗವೇ ಒಂದು ಮೂಲವಾಗಿತ್ತು. ಕಾಲಕ್ಕೂ ಹಾಗೆಯೇ ಎರಡು ಕೊಳಗಗಳುಂಟು. ಚರಿತ್ರಕಾರನು ವರ್ಷಗಳಿಂದ ಅಳೆಯುತ್ತಾನೆ. ಸ್ಮೃತಿಯು ಬೇರೊಂದರಿಂದ ಅಳೆಯುತ್ತದೆ. ಕೃಷ್ಣಪ್ಪನು ಸುಮಾರು ಐವತ್ತರ ವಯಸ್ಸಿನಲ್ಲಿ ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದಿದ್ದಾನೆ. ದೇಹವು ನಿಂತಲ್ಲಿ ಮನಸ್ಸು ನಡೆಯತೊಡಗುತ್ತದೆ. ದನ ಕಾಯುತ್ತಿದ್ದ ಬಾಲ್ಯ, ಕೈಹಿಡಿದ ಮಹೇಶ್ವರಯ್ಯ, ಕ್ರಾಂತಿಕಾರಿ ಅಣ್ಣಾಜಿ, ಗೌರಿ ದೇಶಪಾಂಡೆ, ಪೊಲೀಸರ ಹಿಂಸೆ ಇವೆಲ್ಲವೂ ರೋಗಿಯ ಕೋಣೆಗೆ ಬಂದು ಸೇರುತ್ತವೆ.

ಇಲ್ಲಿ ಒಂದು ಆಕ್ಷೇಪವು ಹುಟ್ಟಬಹುದು. ಸ್ಮರಿಸುವವನು ತನ್ನನ್ನೇ ಹೊಗಳಿಕೊಳ್ಳಲಾರನೆ? ಅಂಥ ಸ್ಮೃತಿಯಿಂದ ಪಾತ್ರದ ನಿಜಸ್ವರೂಪವು ತಿಳಿಯುವುದೆಂತು? ನೈಯಾಯಿಕರು ಮಾಡಿರುವ ಭೇದವು ಇದಕ್ಕೆ ಸಮಾಧಾನವನ್ನು ಒದಗಿಸುತ್ತದೆ. ಸಂಸ್ಕಾರಮಾತ್ರದಿಂದ ಹುಟ್ಟುವ ಜ್ಞಾನವು ಸ್ಮೃತಿ, ಅದು ಪ್ರಮಾಣವೆನಿಸದು. ಹಿಂದೆ ಕಂಡವನೇ ಇವನೆಂದು ಎದುರಿಗಿರುವವನನ್ನು ಗುರುತಿಸುವುದು ಪ್ರತ್ಯಭಿಜ್ಞೆ. ಅದರಲ್ಲಿ ಸಂಸ್ಕಾರದೊಡನೆ ಪ್ರತ್ಯಕ್ಷವೂ ಕೂಡಿರಬೇಕು. ಕಾದಂಬರಿಯ ಬಲವು ಈ ಕೂಡಿಕೆಯಲ್ಲಿದೆ. ಧೀರತೆಯನ್ನು ನೆನೆಯುವ ಮನುಷ್ಯನು ಅದೇ ಹೊತ್ತಿನಲ್ಲಿ ಹೆಂಡತಿ ಸೀತೆಯ ಮೇಲೆ ರೋಷವನ್ನು ಕಾರುತ್ತಿದ್ದಾನೆ. ದೊರೆಗಳಿಗೂ ತಲೆಬಾಗದವನು ಗುತ್ತಿಗೆದಾರ ವೀರಣ್ಣನ ಉಪಕಾರಕ್ಕೆ ಒಳಗಾಗಿದ್ದಾನೆ. ನೆನಪಿನ ಕೃಷ್ಣಪ್ಪನನ್ನು ಹಾಸಿಗೆಯ ಕೃಷ್ಣಪ್ಪನು ಪರೀಕ್ಷಿಸುತ್ತಾನೆ. ಹಾಸಿಗೆಯವನನ್ನು ನೆನಪಿನವನು ನಾಚಿಸುತ್ತಾನೆ. ನಿಜಸ್ವರೂಪವು ಇವರಿಬ್ಬರಲ್ಲಿ ಯಾರೊಬ್ಬನಲ್ಲಿಯೂ ಇಲ್ಲ. ಇಬ್ಬರೂ ಒಬ್ಬನೇ ಎಂಬ ಅರಿವಿನಲ್ಲಿದೆ.

ಕಾಳಿದಾಸನ ದುಷ್ಯಂತನೊಡನೆ ಹೋಲಿಸಿದರೆ ಇದು ಇನ್ನೂ ಸ್ಫುಟವಾಗುತ್ತದೆ. ಅವನ ಮರೆವಿಗೆ ದುರ್ವಾಸನ ಶಾಪವು ಕಾರಣ. ಉಂಗುರವು ದೊರೆತೊಡನೆ ಸ್ಮೃತಿಯು ಮರಳುತ್ತದೆ, ದೋಷದ ಭಾರವೂ ಕೊಂಚ ಇಳಿಯುತ್ತದೆ. ಕೃಷ್ಣಪ್ಪನಿಗೆ ಶಾಪದ ಆಸರೆಯಿಲ್ಲ. ತನ್ನನ್ನು ತಾನು ಮರೆತದ್ದು ದಿನದಿನದ ಸಣ್ಣ ಒಪ್ಪಿಗೆಗಳಿಂದ. ಆದಕಾರಣ ಅವನ ಪಶ್ಚಾತ್ತಾಪಕ್ಕೆ ಪರಿಹಾರವೂ ಸುಲಭವಲ್ಲ.

ಗ್ರಂಥನಾಮದ ಔಚಿತ್ಯವೂ ಇದರಿಂದ ತಿಳಿಯುತ್ತದೆ. ವೇದಾಂತಿಗಳು ಜಾಗ್ರತ್, ಸ್ವಪ್ನ, ಸುಷುಪ್ತಿಗಳೆಂಬ ಅವಸ್ಥೆಗಳನ್ನು ಹೇಳುವುದು ಅವುಗಳಲ್ಲಿ ಬದಲಾಗದ ಒಂದನ್ನು ತೋರಿಸುವುದಕ್ಕಾಗಿ. ಕನ್ನಡದ ಆಡುಮಾತಿನಲ್ಲಿಯಾದರೋ ‘ಏನವಸ್ಥೆ’ ಎಂದರೆ ದುರ್ದಶೆ. ಕಾದಂಬರಿಕಾರರು ಎರಡು ಅರ್ಥಗಳನ್ನೂ ಉಳಿಸಿಕೊಂಡಿದ್ದಾರೆ.

ಗೋಪಾಲಗೌಡರ ಯೋಗ್ಯತೆಯನ್ನು ಅಳೆಯಲು ಕಾಗೋಡಿನ ಗದ್ದೆಗಳೂ ಶಾಸನಸಭೆಯ ಕಡತಗಳೂ ಇವೆ. ಕೃಷ್ಣಪ್ಪನ ದೋಷಗಳನ್ನು ಅವರ ಲೆಕ್ಕಕ್ಕೆ ಬರೆಯುವುದು ಒಬ್ಬನ ಕೊಳಗದಿಂದ ಮತ್ತೊಬ್ಬನ ಬತ್ತವನ್ನು ಅಳೆದಂತೆ. ಆ ಅಳತೆಯನ್ನು ಬಿಟ್ಟ ಓದುಗನಿಗೆ ಮಾತ್ರ ಕೃಷ್ಣಪ್ಪನು ತನ್ನನ್ನು ಗುರುತಿಸಿಕೊಳ್ಳುವ ಆ ಕಷ್ಟದ ಗಳಿಗೆಯು ಕಾಣಿಸುತ್ತದೆ.